ಹಣೆಗೆ ಹಣೆ

ಆ ವಿಡಿಯೋವನ್ನು ನೀವೂ ನೋಡಿರಬಹುದು. ಕೆಂಪು ಮಣ್ಣಿನ ಅಂಗಳ. ಲುಂಗಿ ಎತ್ತಿ ಕಟ್ಟಿದ ಒಬ್ಬ ಗಂಡಸು ಮೊಣಕಾಲೂರಿ, ಕೈಯೂರಿ ನಿಂತಿದ್ದಾನೆ. ಎದುರಿಗೆ ನಾಯಿಯಷ್ಟೇ ಎತ್ತರದ ಒಂದು ಗಂಡು ಕರು, ಮೈಯೆಲ್ಲ ಕೆಂಪು, ಹಣೆಯಲ್ಲಿ ಮಾತ್ರ ಬಿಳಿ ಮಚ್ಚೆ. ಇಬ್ಬರೂ ಹಣೆಗೆ ಹಣೆ ಕೊಟ್ಟು ದೂಡುತ್ತಾರೆ. ಸ್ವಲ್ಪ ಹೊತ್ತಿಗೆ ಗಂಡಸು ಸೋತವನ ಹಾಗೆ ಮಗುಚಿ ಬೀಳುತ್ತಾನೆ. ಕರು ಹತ್ತಿರ ಬಂದು ಅವನ ಅಂಗೈಯಿಂದ ಬೆಲ್ಲ ನೆಕ್ಕುತ್ತದೆ. ಹಿಂದಿನಿಂದ ಒಬ್ಬ ಹೆಂಗಸು ಕಿಲಕಿಲ ನಗುತ್ತಾಳೆ. ಅದು ನಮ್ಮ ನೆರೆಮನೆಯ ಪುಷ್ಪಾವತಿ, ನಾನಲ್ಲ. ನಾನು ಆಗ ಹಟ್ಟಿಯಲ್ಲಿ ಸಗಣಿ ಬಾಚುತ್ತಿದ್ದೆ.

ಲಕ್ಷಗಟ್ಟಲೆ ಜನ ಅದನ್ನು ನೋಡಿ ಹೃದಯದ ಚಿತ್ರ ಒತ್ತಿದರಂತೆ. ಆಮೇಲಿನದ್ದನ್ನು ಯಾರೂ ವಿಡಿಯೋ ಮಾಡಲಿಲ್ಲ. ಹಾಗಾಗಿ ಅದನ್ನು ನಾನೇ ಹೇಳಬೇಕಾಗಿದೆ.

ಮಗುಚಿ ಬಿದ್ದವರು ನನ್ನ ಗಂಡ ಈಶ್ವರಪ್ರಸಾದ. ನಾನು ಅವರನ್ನು ‘ಇವರು’ ಎನ್ನುವುದು. ಹೆಸರು ಹಿಡಿದು ಕರೆಯುವುದು ಸಿಟ್ಟು ನೆತ್ತಿಗೇರಿದಾಗ ಮಾತ್ರ. ನಾವಿಬ್ಬರೂ ಶಾರ್ಜಾದ ಒಂದು ಸೂಪರ್ ಮಾರ್ಕೆಟಿನಲ್ಲಿ ಕೆಲಸಕ್ಕಿದ್ದವರು. ಇವರು ತರಕಾರಿ ಜೋಡಿಸುವುದು, ನಾನು ಕ್ಯಾಶ್ ಕೌಂಟರು. ಅಲ್ಲಿ ಪ್ಯಾಕೆಟ್ ಹಾಲು ಕುಡಿದೂ ಕುಡಿದೂ ಇವರಿಗೆ ದನ ಸಾಕುವ ಹುಚ್ಚು ಹಿಡಿಯಿತು. ಊರಿಗೆ ಬಂದು ಬೋವಿಕಾನದಿಂದ ಸ್ವಲ್ಪ ಒಳಗೆ, ಗೇರುಮರಗಳಿದ್ದ ಒಂದು ಪದವು ಜಾಗ, ಅಂದರೆ ಎತ್ತರದ ಕಲ್ಲುಬಯಲು, ತೆಗೆದುಕೊಂಡೆವು. ಮೇಲೆ ಒಂದು ಗೇಣು ಮಣ್ಣು, ಕೆಳಗೆ ಬರೀ ಮುರಕಲ್ಲು, ಕೆಂಪು ಜಂಬಿಟ್ಟಿಗೆ. ಕಾಸರಗೋಡು ಗಿಡ್ಡ ತಳಿಯ ನಾಲ್ಕು ದನ ತಂದೆವು. ಅವು ನನ್ನ ಸೊಂಟಕ್ಕೂ ಬರುವುದಿಲ್ಲ. ದನ ಸಣ್ಣದಾದರೆ ರಗಳೆಯೂ ಸಣ್ಣದು ಎಂದು ನಾವು ತಿಳಿದಿದ್ದೆವು. ತಿಳಿದಿದ್ದೆವು ಎಂದರೆ ದೊಡ್ಡ ಮಾತಾಯಿತು, ಮೊಬೈಲಿನಲ್ಲಿ ಯಾರೋ ಹಾಗೆ ಹೇಳಿದ್ದನ್ನು ಕೇಳಿದ್ದೆವು.

ಮೊದಲ ಪೆಟ್ಟು ಬಿದ್ದದ್ದು ಆ ನಾಲ್ಕರಲ್ಲಿ ಒಂದಾದ ಕೆಂಪಿಗೆ. ಅವಳದ್ದು ಚೊಚ್ಚಲ ಬಸಿರು. ಒಂದು ಮಧ್ಯಾಹ್ನ ನೋವು ಶುರುವಾಗಿ ಕರುವಿನ ಮೂತಿಯೂ ಒಂದು ಮುಂಗಾಲೂ ಹೊರಗೆ ಕಾಣಿಸಿಕೊಂಡವು. ಇನ್ನೊಂದು ಕಾಲು ಬರಲೇ ಇಲ್ಲ. ಮೃಗಾಸ್ಪತ್ರೆಯ ಡಾಕ್ಟರಮ್ಮ ಬೇರೆಲ್ಲೋ ಹೋಗಿದ್ದರು, ಬರುತ್ತೇನೆ ಎಂದರು, ಬರಲಿಕ್ಕೆ ಹೊತ್ತು ಬೇಕಲ್ಲ. ಇವರು ಫೋನನ್ನು ಹಟ್ಟಿಯ ಗೋಡೆಗೆ ಒರಗಿಸಿ ಒಂದು ವಿಡಿಯೋ ಹಾಕಿದರು. ಅದರಲ್ಲಿ ಯಾವುದೋ ದೇಶದವನೊಬ್ಬ ಕರುವಿನ ಕಾಲಿಗೆ ಹಗ್ಗ ಕಟ್ಟಿ ಎಳೆಯುತ್ತಿದ್ದ. ಎಳೆದ ಕೂಡಲೇ ಕರು ಸಲೀಸಾಗಿ ಜಾರಿ ಬರುತ್ತಿತ್ತು.

"ಎಳಿ ರಂಜಿನಿ, ಎಳಿ!"

ನಾವು ಎಳೆದೆವು. ಕೆಂಪಿ ತಿಣುಕುವಾಗಲೂ ಎಳೆದೆವು, ತಿಣುಕದಾಗಲೂ ಎಳೆದೆವು. ಹಗ್ಗ ನನ್ನ ಅಂಗೈಯ ಚರ್ಮವನ್ನು ಸುಲಿಯಿತು. ದನ ಅಂಬಾ ಎನ್ನುತ್ತದೆ ಎಂದು ಒಂದನೇ ಕ್ಲಾಸಿನ ಪುಸ್ತಕದಲ್ಲಿ ಓದಿದ್ದೆವಲ್ಲ, ಅವತ್ತು ಅದು ಮನುಷ್ಯರ ಹಾಗೆ ಕಿರುಚಿತು. ಒಳಗೆ ಏನೋ ಬಟ್ಟೆ ಹರಿದ ಹಾಗೆ ಹರಿಯಿತು. ಹರಿದದ್ದು ಹಗ್ಗದಲ್ಲಿ ನನ್ನ ಕೈಗೆ ಗೊತ್ತಾಯಿತು. ಕರು ಬಂತು, ಅದರ ಹಿಂದೆ ರಕ್ತ ಬಂತು. ರಕ್ತ ನಿಲ್ಲಲಿಲ್ಲ. ಇವರು ತಮ್ಮ ಅಂಗಿ ಬಿಚ್ಚಿ ತುರುಕಿದರು, ನಾನು ಗೋಣಿಚೀಲ ತುರುಕಿದೆ. ಡಾಕ್ಟರಮ್ಮ ಬಂದಾಗ ಕೆಂಪಿ ಕುತ್ತಿಗೆ ಚಾಚಿ ಮಲಗಿ ಕರುವಿನ ಕಡೆಗೇ ನೋಡುತ್ತಿದ್ದಳು. ಹಾಗೆಯೇ ಸತ್ತಳು.

"ಒಂದು ಕಾಲು ಒಳಗೆ ಮಡಚಿತ್ತು," ಎಂದರು ಡಾಕ್ಟರಮ್ಮ ಕೈ ತೊಳೆಯುತ್ತಾ. "ಎಳೆಯುವ ಮೊದ್ಲು ಕರುವನ್ನು ಒಳಗೆ ದೂಡಿ ಕಾಲು ಸರಿ ಮಾಡ್ಬೇಕಿತ್ತು. ನೀವು ತಪ್ಪಿ ಎಳೆದದ್ದು."

ಗುಂಡಿ ತೋಡೋಣವೆಂದರೆ ಮುರಕಲ್ಲಿನಲ್ಲಿ ಪಿಕ್ಕಾಸು ಇಳಿಯಲಿಲ್ಲ. ಕಾಲು ಕಟ್ಟಿ, ಬಾಡಿಗೆ ಪಿಕಪ್ಪಿನ ಹಿಂದೆ ಎಳೆದು, ಹಿಂದಿನ ಹಳೆಯ ಕಲ್ಲುಕೋರೆಗೆ ಕೆಂಪಿಯನ್ನು ದೂಡಿ ಮೇಲೆ ಮಣ್ಣು ಹಾಕಿಸಿದೆವು. ಎಳೆಯುವಾಗ ಅವಳ ತಲೆ ಕಲ್ಲಿನಿಂದ ಕಲ್ಲಿಗೆ ಬಡಿಯುತ್ತಿತ್ತು. ಇವರು ಪಕ್ಕದಲ್ಲೇ ಓಡುತ್ತಾ ಆ ತಲೆಯನ್ನು ಕೈಯಲ್ಲಿ ಎತ್ತಿ ಹಿಡಿಯಲು ನೋಡಿದರು. ಅದನ್ನು ನೋಡಿದ ಮೇಲೆ ನನಗೆ ಇವರನ್ನು ಬೈಯುವ ಧೈರ್ಯ ಬರಲಿಲ್ಲ.

ಉಳಿದ ಕರುವೇ ಬೊಳ್ಳ. ಹಣೆಯ ಬಿಳಿ ನೋಡಿ ಪುಷ್ಪಾವತಿ ಇಟ್ಟ ಹೆಸರು. ಪುಷ್ಪಾವತಿ ನಮ್ಮಲ್ಲಿ ಹಾಲು ಕರೆಯಲು ಬರುತ್ತಿದ್ದಳು. ಬೇರೆ ದನಗಳು ಬೊಳ್ಳನನ್ನು ಕೆಚ್ಚಲಿನ ಹತ್ತಿರ ಸೇರಿಸಲಿಲ್ಲ. ಇವರು ಬಾಟ್ಲಿಯಲ್ಲಿ ಹಾಲು ಕುಡಿಸಿದರು, ಮನೆಯ ಚಾವಡಿಯಲ್ಲಿ ತಮ್ಮ ಪಕ್ಕದಲ್ಲೇ ಮಲಗಿಸಿಕೊಂಡರು. ಕೊಂಬು ಮೊಳೆಯುವ ಜಾಗ ತುರಿಸುತ್ತದೆಂದು ಅದು ತಲೆಯಿಂದ ದೂಡಿದರೆ, ಇವರೂ ತಲೆಕೊಟ್ಟು ದೂಡುವುದು. ಹೀಗೆ ಆಟ ಶುರುವಾಯಿತು. ಆಟಕ್ಕೊಂದು ಕ್ರಮವೂ ಬಂತು. ಬೊಳ್ಳ ದೂಡಬೇಕು, ಇವರು ಬೀಳಬೇಕು, ಬಿದ್ದ ಮೇಲೆ ಜೇಬಿನಿಂದ ಬೆಲ್ಲ ತೆಗೆದು ಕೊಡಬೇಕು. ಅಂಗಿ ಒಗೆಯುವಾಗ ಜೇಬಿನಲ್ಲೆಲ್ಲ ಇರುವೆ.

ಆ ಆಟ ಬೇಡ ಎನ್ನುವವರು ಯಾರೂ ಇರಲಿಲ್ಲ. ನಮ್ಮ ಸುತ್ತಮುತ್ತಲಿನವರು ತಲೆತಲಾಂತರದಿಂದ ದನ ಸಾಕಿದವರೇ. ಆದರೆ ಗಂಡು ಕರು ಹುಟ್ಟಿದರೆ ಕೆಲವು ತಿಂಗಳಲ್ಲೇ ವ್ಯಾಪಾರಿಯ ಪಿಕಪ್ ಹತ್ತಿಸುವವರು. ಬಾಟ್ಲಿ ಹಾಲಿನಲ್ಲಿ ಬೆಳೆದ ಹೋರಿ ಹೇಗಿರುತ್ತದೆಂದು ನೋಡಿದವರು ಒಬ್ಬರೂ ಇಲ್ಲ. ಅವರೂ ಬೇಲಿಯ ಆಚೆ ನಿಂತು ನಗುತ್ತಿದ್ದರು. ಡಾಕ್ಟರಮ್ಮ ಒಮ್ಮೆ, "ಬೀಜ ಒಡೆಸಿಬಿಡಿ," ಎಂದರು. ಇವರು ಕಿವಿ ಮುಚ್ಚಿಕೊಂಡರು. "ಮೂಗುದಾರ ಆದ್ರೂ ಹಾಕಿಸಿ ಅಣ್ಣಾ," ಎಂದಳು ಪುಷ್ಪಾವತಿ. "ನಿನ್ನ ಮೂಗಿಗೆ ಹಗ್ಗ ಪೋಣಿಸಿದ್ರೆ ಆದೀತಾ?" ಎಂದು ಇವರು ಅವಳ ಬಾಯಿ ಮುಚ್ಚಿಸಿದರು. ಬೋವಿಕಾನದ ದನದ ವ್ಯಾಪಾರಿ ಕುಂಞ ಗೇಟಿನ ಹತ್ತಿರ ಬಂದು ಕೇಳಿದ್ದಕ್ಕೆ, ಅವನನ್ನು ಒಳಗೇ ಬಿಡಲಿಲ್ಲ.

ಅವತ್ತು ನಾನು ಕೇಳಿದೆ, "ಗಂಡು ಕರುವನ್ನು ಇಟ್ಟುಕೊಂಡು ನಾವು ಎಂತ ಮಾಡುದು?"

"ಇವನ ಅಮ್ಮನನ್ನು ನಾನೇ ಎಳೆದು ಕೊಂದದ್ದು ರಂಜಿನಿ," ಎಂದರು. ಕಣ್ಣು ತುಂಬಿತ್ತು. "ಕುಂಞ ಇವನನ್ನು ಸಾಕ್ಲಿಕ್ಕೆ ಕೊಂಡುಹೋಗುದಾ? ನಾನು ಇರುವವರೆಗೆ ಇವನು ಇಲ್ಲಿಂದ ಹೋಗುದಿಲ್ಲ."

ಅದಾದ ಮೇಲೆ ನಾನು ಆ ಮಾತು ಎತ್ತಲಿಲ್ಲ.

ಬೊಳ್ಳ ಬೆಳೆದ. ಗಿಡ್ಡ ತಳಿಯ ಹೋರಿ ಎತ್ತರಕ್ಕೆ ಏರುವುದಿಲ್ಲ, ಅಡ್ಡಕ್ಕೆ ಬೆಳೆಯುತ್ತದೆ. ಭುಜ ಎದ್ದಿತು, ಕುತ್ತಿಗೆ ದಪ್ಪವಾಯಿತು, ಕೊಂಬು ಚಿಕ್ಕದಾದರೂ ತುದಿ ಮೊಳೆಯ ಹಾಗೆ. ಇವರು ಈಗ ಬೀಳುವ ನಾಟಕ ಮಾಡಬೇಕಾಗಿರಲಿಲ್ಲ, ನಿಜವಾಗಿಯೇ ಬೀಳುತ್ತಿದ್ದರು. ಎದೆಯ ಮೇಲೆ ನೀಲಿ ಕಲೆ, ಭುಜದ ಮೇಲೆ ನೀಲಿ ಕಲೆ. ರಾತ್ರಿ ಎಣ್ಣೆ ತಿಕ್ಕುವವಳು ನಾನು.

ಬೊಳ್ಳನಿಗೆ ಮೊದಲು ಬಲಿಯಾದದ್ದು ನಮ್ಮ ನಾಯಿ ಟೈಗರ್. ಹೆಸರಿಗೆ ಹುಲಿ, ಗುಣದಲ್ಲಿ ಇಲಿ. ಬಿಸಿಲು ಕಾಯುತ್ತಾ ಹಟ್ಟಿಯ ಗೋಡೆಗೆ ಒರಗಿ ಮಲಗಿತ್ತು. ಬೊಳ್ಳ ಎದುರಿಗೆ ಬಂದು ತಲೆ ತಗ್ಗಿಸಿದ. ಟೈಗರ್ ಬಾಲ ಅಲ್ಲಾಡಿಸಿತು. ಮರುಗಳಿಗೆ ಅದು ಗೋಡೆಗೂ ಹಣೆಗೂ ನಡುವೆ ಇತ್ತು. ಒಮ್ಮೆ ಕುಂಯ್ ಎಂದದ್ದು ಕೇಳಿತು. ಬೊಳ್ಳ ಹಿಂದೆ ಸರಿದು ಮತ್ತೆ ಗುದ್ದಿದ, ಮತ್ತೆ ಗುದ್ದಿದ. ಮುರಕಲ್ಲಿನ ಮೇಲೆ ನಾಯಿ ಅರ್ಧ ಅಂಟಿ, ಅರ್ಧ ಜಾರಿ ಕೂತಿತ್ತು. ಕರುಳು ಹೊರಗೆ ಬಂದಿತ್ತು. ನಾನು ಕಿರುಚಿದ್ದಕ್ಕೆ ಇವರು ಓಡಿಬಂದರು. ಬೊಳ್ಳ ತಟಕ್ಕನೆ ಸೌಮ್ಯನಾಗಿ ಇವರ ಹತ್ತಿರ ಬಂದು, ತಲೆ ಬಗ್ಗಿಸಿ, ನಾಲಿಗೆ ಚಾಚಿ ನಿಂತ.

"ನೋಡು," ಎಂದರು ಇವರು. "ಅವನಿಗೆ ಗೊತ್ತಾಗಿದೆ. ತಪ್ಪಾಯ್ತು ಹೇಳ್ತಾನೆ."

ಕ್ಷಮಿಸಿದ ಗುರುತಿಗೆ ಬೆಲ್ಲ ಕೊಟ್ಟರು. ಬೊಳ್ಳನ ಕೊಂಬಿನಲ್ಲಿ ಟೈಗರಿನ ರೋಮ ಹಾಗೇ ಇತ್ತು.

ಆಮೇಲೆ ಪುಷ್ಪಾವತಿ. ಹಾಲಿನ ತಂಬಿಗೆ ಹಿಡಿದು ಬಗ್ಗಿ ಬರುತ್ತಿದ್ದವಳನ್ನು ಬೊಳ್ಳ ಹಿಂದಿನಿಂದ ಎತ್ತಿ ಎಸೆದ. ಅವಳ ಮುಂಗೈ ಮುರಿದು ಮೂಳೆ ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು. ಹಾಲಿನಲ್ಲಿ ರಕ್ತ ಬೆರೆತು ಅಂಗಳದಲ್ಲಿ ಹರಿಯಿತು. ಆಗಲೂ ಬೊಳ್ಳ ಅವಳ ತಲೆಯ ಹತ್ತಿರ ನಿಂತು ನಾಲಿಗೆ ಚಾಚಿದ. ಇವರು ಅದನ್ನೂ ಕ್ಷಮೆ ಎಂದು ಬೆಲ್ಲ ಕೊಟ್ಟರು. ಪುಷ್ಪಾವತಿ ಮಾತ್ರ, "ಅದರ ಕ್ಷಮೆ ನೀವೇ ಇಟ್ಕೊಳ್ಳಿ ಅಣ್ಣಾ," ಎಂದು ಹೋದವಳು ಮತ್ತೆ ಹಾಲು ಕರೆಯಲು ಬರಲಿಲ್ಲ. ಇವರು ಗೇರುಮರದ ಕೆಳಗೆ ಎದೆಮಟ್ಟ ಮುರಕಲ್ಲು ಕಟ್ಟಿಸಿ, ಕಬ್ಬಿಣದ ಗೇಟಿಟ್ಟು ಬೊಳ್ಳನಿಗೆ ಬೇರೆ ದೊಡ್ಡಿ ಮಾಡಿದರು. ಆಟ ಈಗ ದೊಡ್ಡಿಯ ಒಳಗೆ ನಡೆಯಿತು. ಅಷ್ಟೇ ವ್ಯತ್ಯಾಸ.

ಆ ವಿಡಿಯೋ ಮಾಡಿದವನು ಉನೈಸ್. ಮೊಗ್ರಾಲಿನವನು, ಶಾರ್ಜಾದಲ್ಲಿ ಇವರ ಜೊತೆ ಒಂದೇ ರೂಮಿನಲ್ಲಿದ್ದ ಹುಡುಗ. ಈಗ ಊರಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ದನದ ವಿಷಯದಲ್ಲಿ ನಮಗೆ ಎಷ್ಟು ಗೊತ್ತೋ ಅವನಿಗೂ ಅಷ್ಟೇ, ಅಂದರೆ ಸೊನ್ನೆ. ಆದರೆ ಬೊಳ್ಳನೆಂದರೆ ಪ್ರಾಣ. ಒಂದು ಭಾನುವಾರ ಹೆಂಡತಿ ರಂಶೀನಾ ಮಾಡಿದ ಪತ್ತಿರಿ, ಅಕ್ಕಿಯ ರೊಟ್ಟಿ, ಕಟ್ಟಿಕೊಂಡು ಬಂದ.

"ಪ್ರಸಾದಣ್ಣ, ಹಳೆ ವಿಡಿಯೋಗೆ ಎರಡನೇ ಭಾಗ ಕೇಳ್ತಿದ್ದಾರೆ ಮಾರಾಯ್ರೆ. ಕರು ಈಗ ಹೋರಿ ಆಗಿದೆ, ಆದ್ರೂ ಫ್ರೆಂಡು, ಅಂತ ಹಾಕುವ. ಈ ಸಲ ನಾನು ಆಡ್ತೇನೆ, ನೀವು ಫೋನ್ ಹಿಡೀರಿ."

"ಬೇಡ ಉನೈಸ್," ಎಂದೆ ನಾನು. "ಪುಷ್ಪಾವತಿಯ ಕೈ ಇನ್ನೂ ಕಟ್ಟಿನಲ್ಲಿ ಉಂಟು."

"ಅದು ಹಿಂದಿನಿಂದ ಬಂದದ್ದಲ್ವಾ ಅಕ್ಕಾ. ಎದುರಿಂದ ಅವ ಎಂತ ಮಾಡುದಿಲ್ಲ."

ಅವನು ಪ್ಯಾಂಟ್ ಮಡಚಿ ದೊಡ್ಡಿಯೊಳಗೆ ಹೋಗಿ, ಕೈಯೂರಿ ತಲೆ ತಗ್ಗಿಸಿದ. ಬೊಳ್ಳ ಎರಡು ಹೆಜ್ಜೆ ಹಿಂದೆ ಸರಿದ. ಇವರು ಫೋನಿನಲ್ಲಿ ನೋಡುತ್ತಾ ನಗುತ್ತಿದ್ದರು. ಬೊಳ್ಳ ನುಗ್ಗಿದ ರಭಸಕ್ಕೆ ಉನೈಸ್ ಎದ್ದು ನಿಲ್ಲಲು ಹೋದ, ಅದೇ ತಪ್ಪಾಯಿತು. ಕೊಂಬು ತೊಡೆಯೊಳಗೆ ಇಳಿಯಿತು. ಬೊಳ್ಳ ತಲೆ ಎತ್ತಿದಾಗ ಉನೈಸ್ ಕೊಂಬಿನ ಮೇಲೆಯೇ ಎದ್ದು, ಬಟ್ಟೆ ಹರಿದ ಸದ್ದಿನೊಂದಿಗೆ ಕೆಳಗೆ ಬಿದ್ದ. "ಉಮ್ಮಾ!" ಎಂದು ಒಂದೇ ಕೂಗು. ತೊಡೆಯಿಂದ ರಕ್ತ ನಲ್ಲಿಯ ಹಾಗೆ ಹಾರಿ ಮುರಕಲ್ಲಿನ ಗೋಡೆಗೆ ಬಡಿಯಿತು. ನಾನು ಗೇಟು ತೆಗೆದು ಅವನ ಕಾಲು ಹಿಡಿದು ಹೊರಗೆಳೆದೆ. ಸೆರಗು ಹರಿದು ತೊಡೆಗೆ ಬಿಗಿದೆ. ಇವರು ಓಡಿಸುತ್ತಿದ್ದ ಕಾರಿನಲ್ಲಿ ದಾರಿಯುದ್ದಕ್ಕೂ ನನ್ನ ಮೊಣಕಾಲನ್ನು ಆ ಗಾಯದ ಮೇಲೆ ಒತ್ತಿ ಕೂತಿದ್ದೆ. ಉನೈಸನ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

ಅವನು ಬದುಕಿದ. ಇನ್ನೊಂದು ಬೆರಳು ಆಚೆಯಾಗಿದ್ದರೆ ದೊಡ್ಡ ರಕ್ತನಾಳವೇ ಹೋಗುತ್ತಿತ್ತು ಎಂದರು ಆಸ್ಪತ್ರೆಯಲ್ಲಿ. ರಂಶೀನಾ ನನಗೆ ಬೆನ್ನು ಹಾಕಿ ಕೂತಳು. ಉನೈಸನೇ ಇವರ ಕೈ ಹಿಡಿದು, "ಪ್ರಸಾದಣ್ಣ, ಇವನನ್ನು ಕೊಟ್ಟುಬಿಡಿ. ಇವತ್ತು ನಾನು, ನಾಳೆ ಅಕ್ಕ," ಎಂದ.

ಇವರು ಕೈ ಬಿಡಿಸಿಕೊಂಡು ಕಾರು ತರಲು ಹೋದರು.

ಮನೆಗೆ ಬಂದ ಮೇಲೆ ಡಾಕ್ಟರಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ದನಗಳ ಮಧ್ಯೆ ಬೆಳೆದ ಹೋರಿಗೆ ಮನುಷ್ಯ ಬೇರೆ ಜಾತಿ ಅಂತ ಗೊತ್ತಿರ್ತದೆ," ಎಂದರು. "ನಿಮ್ಮದು ಹುಟ್ಟಿದಲ್ಲಿಂದ ಮನುಷ್ಯರ ಜೊತೆ. ಅದಕ್ಕೆ ನೀವೆಲ್ಲ ಹೋರಿಗಳೇ. ಹೋರಿ ಹೋರಿಯನ್ನು ಸೋಲಿಸದೆ ಬಿಡುದಿಲ್ಲ. ಇನ್ನು ಅದನ್ನು ತಿದ್ದಲಿಕ್ಕೆ ಆಗುದಿಲ್ಲ."

ನಾನು ಫೋನಿಟ್ಟು ಇವರ ಎದುರು ನಿಂತೆ. "ಬೊಳ್ಳ ಹೋಗ್ಬೇಕು. ಇಲ್ಲದಿದ್ರೆ ನಾನು ಹೋಗ್ತೇನೆ."

"ಎಲ್ಲಿಗೆ ಹೋಗುದು ಅವನು? ಹೇಳು. ಬಾಯಿ ಬಿಟ್ಟು ಹೇಳು, ಎಲ್ಲಿಗೆ?"

"ಕಡಿಯುವವನ ಹತ್ತಿರ," ಎಂದೆ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಮಾಡುವುದು ನನಗೆ ಬರುವುದಿಲ್ಲ.

ಇವರು ಅನ್ನದ ತಟ್ಟೆಯನ್ನು ಗೋಡೆಗೆ ಎಸೆದರು. ಮದುವೆಯಾದಂದಿನಿಂದ ಗಟ್ಟಿ ಧ್ವನಿಯಲ್ಲಿ ಮಾತಾಡದ ಮನುಷ್ಯ. ನಾನೂ ಕಡಿಮೆಯವಳಲ್ಲ, ಸಾರಿನ ಪಾತ್ರೆಯನ್ನೇ ಎಸೆದೆ. ಅನ್ನ ಸಾರು ಗೋಡೆಯ ಮೇಲೆ ಒಂದಾದವು, ನಾವಿಬ್ಬರು ಆಗಲಿಲ್ಲ. ಮರುದಿನ ನಾನೇ ಕುಂಞನಿಗೆ ಬರಹೇಳಿದೆ.

ಕುಂಞ ಮಧ್ಯಾಹ್ನ ಇಬ್ಬರು ಆಳುಗಳ ಜೊತೆ ಪಿಕಪ್ಪಿನಲ್ಲಿ ಬಂದ. ಹಲಗೆ ಇಳಿಸಿ, ಹಗ್ಗ ಬಿಚ್ಚುವಷ್ಟರಲ್ಲಿ ಇವರು ಸೊಪ್ಪಿನ ಹೊರೆ ಹೊತ್ತು ಬಂದರು. ಹೊರೆಯನ್ನು ಅಲ್ಲೇ ಎಸೆದು, ಕುಂಞನ ಕೊರಳಪಟ್ಟಿಗೆ ಕೈ ಹಾಕಿ ಅವನನ್ನು ಗಾಡಿಗೆ ಒತ್ತಿಹಿಡಿದರು.

"ಹೊರಗೆ ಹೋಗು! ನನ್ನ ಜಾಗದಿಂದ ಹೊರಗೆ ಹೋಗು!"

"ಕೈ ತೆಗೀರಿ," ಎಂದ ಕುಂಞ, ಧ್ವನಿ ಏರಿಸದೆ. "ನಾನು ಕರೆಯದೆ ಬಂದವನಲ್ಲ."

ಆಳುಗಳು ಬಿಡಿಸಿದರು. ಪಿಕಪ್ ಗೇಟು ದಾಟಿ ಹೋಯಿತು. ಇವರು ನನ್ನ ಕಡೆ ತಿರುಗಿದರು. ಮುಖ ಕೆಂಡವಾಗಿತ್ತು.

"ನಿನಗೆ ಅವ ರಾಕ್ಷಸ, ಅಲ್ವಾ? ಬಾ. ಬಂದು ನೋಡು."

"ಬೇಡ."

"ಉನೈಸ್ ಎದ್ದು ನಿಂತದ್ದು, ಅದಕ್ಕೇ ಹಾಗಾಯ್ತು. ಪುಷ್ಪಾವತಿ ಅವನನ್ನು ಹೆದರಿಸಿದ್ಲು. ನಾನು ಅವನಿಗೆ ಹಾಲು ಕುಡಿಸಿದವ. ನೋಡು ನೀನು."

ನಾನು ತೋಳು ಹಿಡಿದೆ, ಕೊಡವಿದರು. ಗೇಟು ತೆಗೆದು ಒಳಗೆ ಹೋಗಿ ಮೊಣಕಾಲೂರಿದರು. "ಬಾ ಬೊಳ್ಳ, ಬಾ ಮಗಾ." ಬೊಳ್ಳ ಬಂದ. ಹಣೆಗೆ ಹಣೆ ಕೊಟ್ಟ, ಮೆಲ್ಲಗೆ. ಒಂದು ಕ್ಷಣ ಇಬ್ಬರೂ ಹಾಗೇ ಇದ್ದರು. ಇವರು ಕಣ್ಣು ಓರೆ ಮಾಡಿ ನನ್ನ ಕಡೆ ನೋಡಿ ನಕ್ಕರು. ನನಗೂ ಅರೆಗಳಿಗೆ ಹಾಗೇ ಅನಿಸಿತು, ಇವರದ್ದೇ ಸರಿಯೇನೋ ಎಂದು.

ಮರುಕ್ಷಣ ಬೊಳ್ಳನ ಭುಜ ಉಬ್ಬಿತು. ಇವರು ಹಿಂದಕ್ಕೆ ಜಾರಿದರು. ಬಿದ್ದರು. ಬಿದ್ದ ಮೇಲೆ ಆಟ ಮುಗಿಯಬೇಕಿತ್ತು. ಬೊಳ್ಳ ನಿಲ್ಲಿಸಲಿಲ್ಲ. ತಲೆಯನ್ನು ಇವರ ಹೊಟ್ಟೆಗೆ ಕೊಟ್ಟು, ಮಣ್ಣಿನ ಮೇಲೆ ಉಜ್ಜಿಕೊಂಡು ಹೋಗಿ ಮುರಕಲ್ಲಿನ ಗೋಡೆಗೆ ಒತ್ತಿದ. ಪಕ್ಕೆಲುಬು ಮುರಿದ ಸದ್ದು ಒಣ ಸೌದೆ ಮುರಿದ ಹಾಗೆ ಕೇಳಿತು. ಇವರ ಬಾಯಿಯಿಂದ ಕೂಗು ಬರಲಿಲ್ಲ, ಗಾಳಿ ಮಾತ್ರ ಬಂತು. ಬೊಳ್ಳ ಹಿಂದೆ ಸರಿದು ಮತ್ತೆ ಗುದ್ದಿದ. ಕೊಂಬು ಕೆನ್ನೆ ಸೀಳಿತು. ಮತ್ತೆ ಗುದ್ದಿದ. ಗೋಡೆಯ ಮೇಲಿನ ಸಾಲಿನ ಒಂದು ಕಲ್ಲು ಅಲುಗಿ ಕೆಳಗೆ ಬಿತ್ತು.

"ಈಶ್ವರಪ್ರಸಾದ!" ಎಂದು ಕಿರುಚಿದೆ. ಕಲ್ಲು ಮೀಟುವ ಹಾರೆ ಗೇಟಿನ ಹತ್ತಿರವಿತ್ತು. ಅದನ್ನೆತ್ತಿ ಒಳಗೆ ನುಗ್ಗಿ ಬೊಳ್ಳನ ಬೆನ್ನಿಗೆ ಬಾರಿಸಿದೆ. ಅವನಿಗೆ ನೊಣ ಕೂತಂತೆಯೂ ಆಗಲಿಲ್ಲ. ಮುಂದೆ ಹೋಗಿ, ಇದ್ದ ಬಲವನ್ನೆಲ್ಲ ಸೇರಿಸಿ ತಲೆಗೆ ಹೊಡೆದೆ. ಒಂದು ಕೊಂಬು ಬುಡದಲ್ಲೇ ಮುರಿದು ಚರ್ಮದಲ್ಲಿ ನೇತಾಡಿತು. ಹಣೆಯ ಬಿಳಿ ಮಚ್ಚೆಯ ಮೇಲೆ ರಕ್ತ ಇಳಿಯಿತು. ಮತ್ತೆ ಹೊಡೆದೆ. ಅವನು ಸತ್ತೇ ಹೋಗಲಿ ಎಂದು ಹೊಡೆದೆ. ಅವನು ಕುಸಿದು, ಎದ್ದು, ತಲೆ ಕೊಡವಿದ. ಕಣ್ಣಿಗೆ ರಕ್ತ ತುಂಬಿತ್ತು. ನನ್ನ ಕಡೆ ತಿರುಗಿ ತಲೆ ತಗ್ಗಿಸಿದ. ನಾನು ಗೋಡೆಗೆ ಒತ್ತಿ ನಿಂತಿದ್ದೆ, ಹಾರೆ ಕೈಯಿಂದ ಜಾರಿ ಬಿತ್ತು.

ಅವನು ನುಗ್ಗಲಿಲ್ಲ. ಕೆಳಗೆ ಬಿದ್ದಿದ್ದ ಇವರ ಕೈಯನ್ನು ಮೂಸಿ ನೋಡಿದ. ಅಂಗೈ ನೆಕ್ಕಿದ. ಆಮೇಲೆ ಅಂಗಿಯ ಜೇಬಿಗೆ ಮೂತಿ ತೂರಿಸಿದ.

ಆಗ ನನಗೆ ತಿಳಿಯಿತು. ಟೈಗರಿನ ದಿನ, ಪುಷ್ಪಾವತಿಯ ದಿನ, ಯಾವ ದಿನವೂ ಇವನು ಕ್ಷಮೆ ಕೇಳಿರಲಿಲ್ಲ. ಕೆಡವಿದ್ದೇನೆ, ಬೆಲ್ಲ ಎಲ್ಲಿ, ಎಂದು ಕೇಳಿದ್ದ. ಕೆಡವಿದ ಪ್ರತಿ ಸಲವೂ ನಾವು ಕೊಟ್ಟಿದ್ದೆವು. ಈಗ ಬೆಲ್ಲ ಸಿಗದಿದ್ದರೆ ಅವನು ಮತ್ತೆ ಶುರುಮಾಡುತ್ತಾನೆ. ಸಿಟ್ಟಿನಿಂದಲ್ಲ, ಆಟ ಇನ್ನೂ ಮುಗಿಯಲಿಲ್ಲ ಎಂದುಕೊಂಡು.

ನಾನು ಮೆಲ್ಲಗೆ ಬಗ್ಗಿ ಇವರ ಜೇಬಿನಿಂದ ಬೆಲ್ಲದ ಅಚ್ಚು ತೆಗೆದೆ. ರಕ್ತದಲ್ಲಿ ಒದ್ದೆಯಾಗಿತ್ತು. ಅಂಗೈಯಲ್ಲಿಟ್ಟು ಚಾಚಿದೆ. ಬೊಳ್ಳ ಬಂದು ನೆಕ್ಕಿದ. ನಾಲಿಗೆ ಬೆಚ್ಚಗೆ, ಒರಟಾಗಿತ್ತು. ನಾನು ಹಿಂದೆ ಹಿಂದೆ ಹೆಜ್ಜೆಯಿಟ್ಟು ದೊಡ್ಡಿಯ ಮೂಲೆಯ ಗೂಟದವರೆಗೆ ಅವನನ್ನು ಕರೆದುಕೊಂಡು ಹೋಗಿ, ಬಲಗೈಯಲ್ಲಿ ಬೆಲ್ಲ ಕೊಡುತ್ತಾ ಎಡಗೈಯಲ್ಲಿ ಕೊರಳಿಗೆ ಹಗ್ಗ ಹಾಕಿ ಬಿಗಿದೆ. ಅವನು ಹಸುಗೂಸಿನ ಹಾಗೆ ನಿಂತಿದ್ದ. ಆಮೇಲೆ ನಾನು ಇವರ ಕಂಕುಳಿಗೆ ಕೈ ಕೊಟ್ಟು ಗೇಟಿನ ಹೊರಗೆ ಎಳೆದೆ. ಎಳೆಯುವಾಗ ಕೆಂಪಿಯ ನೆನಪಾಗಿ ಬಾಯಿಬಿಟ್ಟು ಅತ್ತೆ. ಅಳು ಕೇಳಿ ಬೇಲಿ ಹಾರಿ ಬಂದವಳು ಪುಷ್ಪಾವತಿ, ಸರಿಯಿದ್ದ ಒಂದೇ ಕೈಯಲ್ಲಿ ಇವರ ಕಾಲು ಹಿಡಿದು ಕಾರಿಗೆ ಹಾಕಿದಳು. ಅವಳ ಹಿಂದೆಯೇ ಬಂದ ನೆರೆಯವನೊಬ್ಬ ಕಾರು ಓಡಿಸಿದ.

ಮಂಗಳೂರಿನ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಒಡೆದ ಗುಲ್ಮ, ಅಂದರೆ ಸ್ಪ್ಲೀನ್, ತೆಗೆದರು. ಶ್ವಾಸಕೋಶಕ್ಕೆ ಕೊಳವೆ ಹಾಕಿದರು. ಕೆನ್ನೆಗೆ ಹೊಲಿಗೆ ಹಾಕಿದರು. ಬದುಕುತ್ತಾರೋ ಇಲ್ಲವೋ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಇವರು ಕಣ್ಣು ತೆರೆದು ನನ್ನನ್ನು ನೋಡಿದರು. ನಾನು ಕಿವಿಯ ಹತ್ತಿರ ಬಗ್ಗಿ, "ಇವತ್ತು ಕುಂಞನಿಗೆ ಬರಲಿಕ್ಕೆ ಹೇಳಿದ್ದೇನೆ," ಎಂದೆ. ಇವರ ಕಣ್ಣಿನಿಂದ ನೀರು ಇಳಿದು ಹೊಲಿಗೆಯ ಮೇಲೆ ಹರಿಯಿತು. ಬೇಡ ಎನ್ನಲಿಲ್ಲ.

ಊರಿಗೆ ಬಂದಾಗ ಪಿಕಪ್ ಆಗಲೇ ಬಂದು ನಿಂತಿತ್ತು. ಆಳುಗಳು ಬೊಳ್ಳನ ಕೊರಳಿಗೆ ಎರಡು ಕಡೆಯಿಂದ ಹಗ್ಗ ಹಾಕಿ ಎಳೆಯುತ್ತಿದ್ದರು. ಅವನು ಹಲಗೆಯ ಮೇಲೆ ಕಾಲಿಡುತ್ತಿರಲಿಲ್ಲ. ಒಬ್ಬ ಬಾಲ ತಿರುಚಿದ. ಇನ್ನೊಬ್ಬ ಮುರಿದ ಕೊಂಬಿನ ಗಾಯಕ್ಕೇ ಬಡಿಗೆಯಿಂದ ಹೊಡೆದ. ಬೊಳ್ಳ ಗಾಡಿಯ ತಗಡಿಗೆ ಗುದ್ದಿ ಗುದ್ದಿ ಮೂಗಿನಿಂದ ರಕ್ತ ಸುರಿಸುತ್ತಿದ್ದ. ಕುಂಞ ಮೈಯೆಲ್ಲ ಬೆವೆತು, "ಹೊಡೀರಿ, ಇನ್ನೊಂದು ಕೊಡಿ," ಎನ್ನುತ್ತಿದ್ದ.

"ನಿಲ್ಲಿಸಿ!" ಎಂದೆ. "ಎಲ್ಲರೂ ಆಚೆ ಹೋಗಿ."

"ಹತ್ತಿರ ಹೋಗ್ಬೇಡಿ ಅಕ್ಕಾ, ಅದು ನಿಮ್ಮನ್ನು..."

"ಅದು ಎಂತ ಮಾಡ್ತದೆ ಅಂತ ನನಗೆ ಗೊತ್ತುಂಟು."

ಅಡಿಗೆಮನೆಯ ಡಬ್ಬಿಯಿಂದ ಬೆಲ್ಲ ತಂದು, ಹಲಗೆ ಹತ್ತಿ, ಪಿಕಪ್ಪಿನೊಳಗೆ ಹೋಗಿ ನಿಂತು ಕರೆದೆ. ಬೊಳ್ಳ ನನ್ನನ್ನು ನೋಡಿದ. ಹಲಗೆಯ ಮೇಲೆ ಒಂದು ಕಾಲಿಟ್ಟ, ಇನ್ನೊಂದಿಟ್ಟ, ಹತ್ತಿ ಬಂದ. ಕೈಯ ಕಡೆಗೆ ನಾಲಿಗೆ ಚಾಚಲಿಲ್ಲ. ಕ್ರಮ ತಪ್ಪಿಸುವವನಲ್ಲ ಅವನು. ಮೊದಲು ಹಣೆಯನ್ನು ನನ್ನ ಹೊಟ್ಟೆಗೆ ಕೊಟ್ಟ. ಗಾಯಗೊಂಡ ಹಣೆ, ಬಿಸಿಯಾಗಿ ಮಿಡಿಯುತ್ತಿತ್ತು. ಅವನು ದೂಡುವ ಮೊದಲೇ ನಾನು ಹಿಂದಕ್ಕೆ ಬಿದ್ದೆ. ಗಾಡಿಯ ತಗಡಿನ ಮೇಲೆ, ಹಳೆಯ ಸಗಣಿಯ ಮೇಲೆ, ಸೋತವಳ ಹಾಗೆ ಕೂತು ಅಂಗೈ ಚಾಚಿದೆ. ಬೊಳ್ಳ ತೃಪ್ತಿಯಿಂದ ಬೆಲ್ಲ ನೆಕ್ಕಿದ. ಕುಂಞ ಹಿಂದಿನಿಂದ ಬಂದು ಹಗ್ಗವನ್ನು ಸರಳಿಗೆ ಬಿಗಿದ. ಬೊಳ್ಳ ಅದನ್ನು ಗಮನಿಸಲೂ ಇಲ್ಲ, ನನ್ನ ಬೆರಳುಗಳ ಸಂದಿಯನ್ನು ನೆಕ್ಕುತ್ತಿದ್ದ.

ಗಾಡಿ ಹೋದ ಮೇಲೆ ನಾನು ಅದೇ ಸೀರೆಯಲ್ಲಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಯಾರೂ ಕೂರಲಿಲ್ಲ. ಆಸ್ಪತ್ರೆಗೆ ಮುಟ್ಟುವಾಗ ಸಂಜೆಯಾಗಿತ್ತು. ಇವರು ಬಾಗಿಲನ್ನೇ ನೋಡುತ್ತಾ ಮಲಗಿದ್ದರು.

"ಹತ್ತಿದನಾ?"

"ಹತ್ತಿದ."

"ಹೊಡೆದ್ರಾ?"

"ಇಲ್ಲ," ಎಂದೆ. ಆ ಒಂದು ಸುಳ್ಳು ನನಗೆ ಬಂತು.

ಇವರು ನನ್ನ ಕೈಯನ್ನು ಎಳೆದುಕೊಂಡು ಮೂಸಿದರು. ಆಮೇಲೆ ಅದನ್ನು ತಮ್ಮ ಹಣೆಗೆ ಒತ್ತಿಕೊಂಡು, ಹೊಲಿಗೆ ಹಾಕಿದ ಮುಖದಲ್ಲಿ ಅಳಲಿಕ್ಕೂ ಆಗದೆ ಹಾಗೇ ಇದ್ದರು. ನಾನು ಕೈ ತೊಳೆದಿರಲಿಲ್ಲ.